ತುತ್ತು ಮಗುವಿನ ಕೈಗೆ ಬರಲಿ: ತಾನೇ ತಿನ್ನಲು ಕಲಿಯುವುದಕ್ಕೂ ಒಂದು ಕಾಲವಿದೆ

‘ಮಗು ಏನೂ ತಿನ್ನುವುದಿಲ್ಲ’ ಎಂಬ ದೂರು ಕೇಳಿಬರದ ಮನೆ ಇಂದು ನಗರಗಳಲ್ಲಿ ವಿರಳ. ಎರಡು ವರ್ಷ ತುಂಬಿದರೂ ಮಿಕ್ಸಿಯಲ್ಲಿ ನುಣ್ಣಗೆ ತಿರುವಿದ ಅನ್ನ-ಬೇಳೆಯಷ್ಟೇ ಗಂಟಲಿಗೆ ಇಳಿಯುತ್ತದೆ. ನಾಲಿಗೆಗೆ ಒಂದು ಅಗುಳು ತಾಗಿದರೂ ಓಕರಿಕೆ ಬರುತ್ತದೆ. ಕಣ್ಣೆದುರು ಮೊಬೈಲ್ ಇದ್ದರಷ್ಟೇ ಬಾಯಿ ತೆರೆಯುತ್ತದೆ. ಒಂದು ಹೊತ್ತಿನ ಊಟ ಒಂದು ತಾಸಿನ ಕದನವಾಗಿ ಮುಗಿಯುತ್ತದೆ. ಕೊನೆಗೆ ಹಸಿವಿಗೊಂದು ಟಾನಿಕ್ ಬರೆದುಕೊಡಿ ಎಂದು ಪಾಲಕರು ಮಕ್ಕಳ ವೈದ್ಯರ ಮುಂದೆ ಕೂರುತ್ತಾರೆ.

ಈ ದೂರಿನ ಬೇರು ಎಷ್ಟೋ ಸಲ ಹಸಿವಿನಲ್ಲೂ ಇಲ್ಲ, ಜೀರ್ಣಶಕ್ತಿಯಲ್ಲೂ ಇಲ್ಲ. ಮಗು ಎಂಟು, ಒಂಬತ್ತು ತಿಂಗಳಿನದಾಗಿದ್ದಾಗ ತಟ್ಟೆಯತ್ತ ಚಾಚಿದ ಅದರ ಕೈಯನ್ನು ‘ಚೆಲ್ಲುತ್ತದೆ’, ‘ಗಂಟಲಿಗೆ ಸಿಕ್ಕಿಕೊಳ್ಳುತ್ತದೆ’ ಎಂದು ಹಿಂದಕ್ಕೆ ಸರಿಸಿದ ದಿನಗಳಲ್ಲಿ ಅದು ಇರುತ್ತದೆ. ನಡಿಗೆ ಮತ್ತು ಮಾತಿನಂತೆ ಅಗಿದು ತಿನ್ನುವುದೂ ಒಂದು ಕಲಿಕೆ. ಅದಕ್ಕೊಂದು ಕಾಲವಿದೆ. ಆ ಕಾಲ ಸರಿದ ಮೇಲೆ ಕಲಿಕೆ ಅಸಾಧ್ಯವೇನೂ ಅಲ್ಲ. ಆದರೆ ಮಗುವಿಗೂ ಮನೆಯವರಿಗೂ ಅದು ಹೆಚ್ಚು ಕಷ್ಟವಾಗುತ್ತದೆ.

ಅಂಕಿ-ಅಂಶ ಹೇಳುವುದೇನು?

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಆರರಿಂದ ಎಂಟು ತಿಂಗಳ ಮಕ್ಕಳ ಪೈಕಿ ಎದೆಹಾಲಿನ ಜೊತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಪಡೆಯುತ್ತಿದ್ದವರು ಶೇ.45.9 ಮಾತ್ರ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ, ವೈವಿಧ್ಯ ಮತ್ತು ಹೊತ್ತು ಎರಡರ ದೃಷ್ಟಿಯಿಂದಲೂ ಸಾಕೆನ್ನಬಹುದಾದ ಆಹಾರ ದೊರೆಯುತ್ತಿದ್ದುದು ಶೇ.11.3ರಷ್ಟು ಮಕ್ಕಳಿಗೆ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ.65.5ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿರುವುದನ್ನೂ ಇದೇ ಸಮೀಕ್ಷೆ ದಾಖಲಿಸಿದೆ.

ಇದಕ್ಕೆ ಬಡತನವೊಂದೇ ಕಾರಣವಲ್ಲ. ಯಾವ ಆಹಾರವನ್ನು, ಯಾವ ತಿಂಗಳಲ್ಲಿ, ಯಾವ ರೂಪದಲ್ಲಿ ಕೊಡಬೇಕೆಂಬ ತಿಳಿವಳಿಕೆಯ ಕೊರತೆಯೂ ಇದರಲ್ಲಿ ಸೇರಿದೆ. ತಿಂಗಳುಗಟ್ಟಲೆ ತೆಳುವಾದ ರಾಗಿ ಸರಿ ಅಥವಾ ಅನ್ನದ ಗಂಜಿಯನ್ನಷ್ಟೇ ಕುಡಿಯುವ ಮಗುವಿನ ಹೊಟ್ಟೆ ತುಂಬುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿಯೂ ಕಬ್ಬಿಣಾಂಶವೂ ಸಿಗುವುದಿಲ್ಲ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಹೊತ್ತಿಗೆ ಹಿಡಿಯುವುದು ಸುಮಾರು 240 ಮಿಲಿ. ಅಷ್ಟು ಸಣ್ಣ ಜಾಗವನ್ನು ನೀರಿನಿಂದ ತುಂಬಿಸಿದರೆ ಆಹಾರಕ್ಕೆ ಸ್ಥಳವೆಲ್ಲಿ?

ಆರು ತಿಂಗಳಿಗೆ ದೇಹ ಸಿದ್ಧವಾಗುವ ಬಗೆ

ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನಂತರ ಪೂರಕ ಆಹಾರ, ಜೊತೆಯಲ್ಲಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಗೃಹ್ಯಸೂತ್ರಗಳೂ ಅನ್ನಪ್ರಾಶನಕ್ಕೆ ಆರನೆಯ ತಿಂಗಳನ್ನೇ ಹೇಳಿವೆ. ಈ ಹೊತ್ತಿಗೆ ಮಗುವಿನ ದೇಹದಲ್ಲಿ ಹಲವು ಬದಲಾವಣೆಗಳು ಒಟ್ಟಿಗೆ ಕೂಡಿ ಬರುತ್ತವೆ.

ಎಳೆಯ ಮಗುವಿನ ಬಾಯಿಗೆ ಏನನ್ನಿಟ್ಟರೂ ನಾಲಿಗೆ ಅದನ್ನು ಹೊರಕ್ಕೆ ತಳ್ಳುತ್ತದೆ. ನಾಲ್ಕರಿಂದ ಆರು ತಿಂಗಳ ನಡುವೆ ಈ ಸಹಜ ಪ್ರತಿಕ್ರಿಯೆ ಕ್ರಮೇಣ ಮರೆಯಾಗುತ್ತದೆ. ಕತ್ತು ನಿಲ್ಲುತ್ತದೆ. ಸ್ವಲ್ಪ ಆಸರೆ ಕೊಟ್ಟರೆ ಮಗು ನೆಟ್ಟಗೆ ಕೂರುತ್ತದೆ. ಕಂಡದ್ದನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒಯ್ಯುತ್ತದೆ. ಅದೇ ವೇಳೆಗೆ, ತಾಯಿಯ ಗರ್ಭದಲ್ಲಿದ್ದಾಗ ಮಗು ಕೂಡಿಟ್ಟುಕೊಂಡಿದ್ದ ಕಬ್ಬಿಣದ ದಾಸ್ತಾನು ಖಾಲಿಯಾಗತೊಡಗುತ್ತದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಹೀಗಾಗಿ ಹೊರಗಿನ ಆಹಾರ ಅನಿವಾರ್ಯವಾಗುತ್ತದೆ.

ಹಲ್ಲಿಲ್ಲದ ಮಗು ಅಗಿಯುವುದು ಹೇಗೆ ಎಂಬುದು ಹಿರಿಯರ ಸಾಮಾನ್ಯ ಪ್ರಶ್ನೆ. ಆಹಾರವನ್ನು ಅರೆಯುವ ದವಡೆ ಹಲ್ಲುಗಳು ಮೂಡುವುದು ವರ್ಷ ತುಂಬಿದ ಮೇಲೆಯೇ. ಅಲ್ಲಿಯವರೆಗೆ ಒಸಡೇ ಸಾಕು. ಮೊದಲು ಮೂಡುವ ಮುಂದಿನ ಹಲ್ಲುಗಳು ಕಚ್ಚುವುದಕ್ಕೆ, ಅರೆಯುವುದಕ್ಕಲ್ಲ. ಆದ್ದರಿಂದ ಹಲ್ಲು ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಸುಲಭವಾಗಿ ಹಿಸುಕಬಹುದಾದುದನ್ನು ಮಗುವಿನ ಒಸಡೂ ಹಿಸುಕಬಲ್ಲದು.

ಹತ್ತು ತಿಂಗಳ ಗಡಿ

ಪೂರಕ ಆಹಾರದ ಕುರಿತು 2003ರಲ್ಲಿ ಹೊರಬಂದ ಅಂತಾರಾಷ್ಟ್ರೀಯ ಮಾರ್ಗಸೂತ್ರಗಳು ಒಂದು ಸರಳವಾದ ಕ್ರಮವನ್ನು ಮುಂದಿಡುತ್ತವೆ. ಆರು ತಿಂಗಳಿಗೆ ಹಿಸುಕಿದ, ಅರೆಗಟ್ಟಿಯಾದ ಆಹಾರ. ಎಂಟು ತಿಂಗಳಿಗೆ ಬಹುಪಾಲು ಮಕ್ಕಳು ಕೈಯಲ್ಲಿ ಹಿಡಿದು ತಿನ್ನಬಲ್ಲ ತುಂಡುಗಳು. ವರ್ಷ ತುಂಬುವ ಹೊತ್ತಿಗೆ ಮನೆಮಂದಿ ತಿನ್ನುವ ಊಟ. ಗಂಟುಗಂಟಾದ ಆಹಾರದ ಪರಿಚಯ ಹತ್ತು ತಿಂಗಳನ್ನು ದಾಟಿ ತಡವಾದರೆ ಮುಂದೆ ಊಟದ ತೊಂದರೆಗಳು ಹೆಚ್ಚಬಹುದು ಎಂಬ ಎಚ್ಚರಿಕೆಯೂ ಅಲ್ಲಿದೆ.

ಈ ಎಚ್ಚರಿಕೆಯ ಹಿಂದೆ ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ ನಡೆದ ದೊಡ್ಡದೊಂದು ಅಧ್ಯಯನವಿದೆ. ಅದರಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ತಾಯಂದಿರಿಂದ ಮಾಹಿತಿ ಪಡೆದು 2001ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹತ್ತು ತಿಂಗಳ ನಂತರ ಗಂಟುಳ್ಳ ಆಹಾರ ಆರಂಭಿಸಿದ ಮಕ್ಕಳಿಗೆ ಹದಿನೈದನೆಯ ತಿಂಗಳಲ್ಲಿ ಉಣಿಸುವುದು ಹೆಚ್ಚು ಕಷ್ಟವಾಗಿತ್ತು. ಅದೇ ಮಕ್ಕಳ ಗುಂಪನ್ನು ಏಳನೆಯ ವಯಸ್ಸಿನಲ್ಲಿ ಮತ್ತೆ ಗಮನಿಸಿ 2009ರಲ್ಲಿ ಇನ್ನೊಂದು ವರದಿ ಪ್ರಕಟವಾಯಿತು. ಒಂಬತ್ತು ತಿಂಗಳ ನಂತರ ಇಂಥ ಆಹಾರ ಕಂಡ ಮಕ್ಕಳು ಹಣ್ಣು-ತರಕಾರಿಗಳನ್ನು ಕಡಿಮೆ ತಿನ್ನುತ್ತಿದ್ದುದೂ, ಊಟದ ಕಿರಿಕಿರಿ ಅವರಲ್ಲಿ ಹೆಚ್ಚಿದ್ದುದೂ ಅದರಲ್ಲಿ ಕಂಡುಬಂತು. ತಡವಾದದ್ದೇ ಇದಕ್ಕೆ ಏಕೈಕ ಕಾರಣವೆಂದು ಇಂಥ ಅಧ್ಯಯನಗಳು ಸಾಬೀತು ಮಾಡುವುದಿಲ್ಲ. ಮೊದಲೇ ಊಟಕ್ಕೆ ಹಟ ಮಾಡುವ ಮಗುವಿಗೆ ತಾಯಿ ತಾನಾಗಿಯೇ ತಡಮಾಡಿರಲೂಬಹುದು. ಆದರೂ ಸುಮ್ಮನೆ ಕಾಯುತ್ತ ಕುಳಿತರೆ ಲಾಭವಿಲ್ಲ ಎಂಬುದಂತೂ ಸ್ಪಷ್ಟ.

ಚಮಚವೋ, ಕೈಯೋ?

ಕಳೆದ ಎರಡು ದಶಕಗಳಲ್ಲಿ ಒಂದು ಹೊಸ ವಾದ ಹುಟ್ಟಿಕೊಂಡಿದೆ. ಚಮಚವೇ ಬೇಡ, ಮೊದಲ ದಿನದಿಂದಲೇ ಮಗು ತನ್ನ ಕೈಯಿಂದ ತಿನ್ನಲಿ ಎಂಬುದು ಅದರ ಸಾರ. ಬ್ರಿಟನ್ನಿನ ಆರೋಗ್ಯ ಕಾರ್ಯಕರ್ತೆ ಜಿಲ್ ರ‍್ಯಾಪ್ಲಿ 2008ರಲ್ಲಿ ಟ್ರೇಸಿ ಮರ್ಕೆಟ್ ಜೊತೆ ಬರೆದ ಪುಸ್ತಕದಿಂದ ಈ ವಿಧಾನ ಜನಪ್ರಿಯವಾಯಿತು. ನಮ್ಮ ನಗರಗಳ ಯುವ ತಾಯಂದಿರಿಗೂ ಇದು ತಲುಪಿದೆ. ಪರಿಣಾಮವಾಗಿ ಎಷ್ಟೋ ಮನೆಗಳಲ್ಲಿ ಅಜ್ಜಿಯ ಚಮಚಕ್ಕೂ ಅಮ್ಮನ ಮೊಬೈಲ್ ಜ್ಞಾನಕ್ಕೂ ದಿನವೂ ಜಟಾಪಟಿ!

ಈ ಕುರಿತು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಸಂಶೋಧಕರು 206 ಮಕ್ಕಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ಪ್ರಯೋಗ ನಡೆಸಿದರು. ಒಂದು ಗುಂಪಿನ ಪಾಲಕರಿಗೆ ಮಗು ತಾನೇ ತಿನ್ನುವ ವಿಧಾನವನ್ನು ಸುರಕ್ಷತೆಯ ಸೂಚನೆಗಳೊಂದಿಗೆ ಕಲಿಸಲಾಗಿತ್ತು. 2016ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಉಸಿರುಗಟ್ಟುವ ಘಟನೆಗಳ ಸಂಖ್ಯೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ಕೈಯಿಂದ ತಿಂದ ಮಕ್ಕಳಿಗೆ ಆರನೆಯ ತಿಂಗಳಲ್ಲಿ ಓಕರಿಕೆ ಹೆಚ್ಚಿತ್ತು, ಎಂಟನೆಯ ತಿಂಗಳಲ್ಲಿ ಇತರರಿಗಿಂತ ಕಡಿಮೆಯಾಗಿತ್ತು. ಅಂದರೆ ಅಷ್ಟರಲ್ಲಿ ಅವು ಕಲಿತಿದ್ದವು. ಆದರೆ ಅದೇ ವರದಿಯಲ್ಲಿ ಚಿಂತೆಗೀಡುಮಾಡುವ ಅಂಶವೂ ಇತ್ತು. ಏಳನೆಯ ತಿಂಗಳಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದ ಆಹಾರವನ್ನು ಮನೆಯವರು ಕೊಟ್ಟಿದ್ದರು. ಇದು ಎರಡೂ ಗುಂಪುಗಳಲ್ಲಿ ನಡೆದಿತ್ತು. ಅಪಾಯವಿರುವುದು ಆಹಾರದ ಆಕಾರದಲ್ಲಿ ಮತ್ತು ಗಟ್ಟಿತನದಲ್ಲಿಯೇ ಹೊರತು ತಿನ್ನುವ ಕೈ ಯಾರದೆಂಬುದರಲ್ಲಿ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾಗಿ ಅಜ್ಜಿ ಮತ್ತು ಅಮ್ಮ ಇಬ್ಬರೂ ಸರಿ. ಗಟ್ಟಿಯಾಗಿ ಹಿಸುಕಿದ ಬೇಳೆ-ಅನ್ನ, ಮೊಸರನ್ನಗಳಿಗೆ ಚಮಚವೋ ತಾಯಿಯ ಕೈಯೋ ಇರಲಿ. ಅದೇ ಹೊತ್ತಿನಲ್ಲಿ ಮಗುವಿನ ಕೈಗೊಂದು ಮೆತ್ತನೆಯ ತುಂಡೂ ಇರಲಿ. ದಿನ ಕಳೆದಂತೆ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತ ಹೋಗಬೇಕು.

ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ

ತುಂಡು ಆಹಾರವನ್ನು ಪಾಲಕರು ಮುಂದೂಡುವುದಕ್ಕೆ ಮುಖ್ಯ ಕಾರಣ ಭಯ. ಆ ಭಯ ಸಹಜವಾದುದೇ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಬೆರೆತುಹೋಗಿವೆ.

ದೊಡ್ಡವರಿಗೆ ಓಕರಿಕೆ ಬರುವುದು ನಾಲಿಗೆಯ ಬುಡಕ್ಕೆ ಏನಾದರೂ ತಾಗಿದಾಗ. ಆರು ತಿಂಗಳ ಮಗುವಿಗೆ ಆ ಜಾಗ ನಾಲಿಗೆಯ ಮೇಲೆ ಇನ್ನೂ ಮುಂದಕ್ಕಿರುತ್ತದೆ. ತುಂಡು ಹಿಂದಕ್ಕೆ ಜಾರುವ ಮೊದಲೇ ಮಗು ‘ಅ್ಯಕ್’ ಎಂದು ಅದನ್ನು ಮುಂದಕ್ಕೆ ತಳ್ಳುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಸದ್ದೂ ಇರುತ್ತದೆ. ಇದು ರಕ್ಷಣೆಯ ವ್ಯವಸ್ಥೆ. ಇಂಥ ಹೊತ್ತಿನಲ್ಲಿ ಮನೆಯವರು ಕಿರುಚಿ ಬೆನ್ನು ಬಡಿದರೆ, ಬಾಯಿಗೆ ಬೆರಳು ಹಾಕಿದರೆ ಮಗು ಹೆದರುತ್ತದೆ. ಬೆರಳಿನಿಂದಾಗಿ ತುಂಡು ಇನ್ನಷ್ಟು ಒಳಕ್ಕೆ ಹೋಗಲೂಬಹುದು. ಪಕ್ಕದಲ್ಲಿದ್ದು ಗಮನಿಸುತ್ತಿದ್ದರೆ ಸಾಕು.

ಉಸಿರುಗಟ್ಟುವುದು ಮೌನವಾಗಿ ನಡೆಯುತ್ತದೆ. ಶ್ವಾಸನಾಳಕ್ಕೆ ತುಂಡು ಅಡ್ಡವಾದಾಗ ಮಗುವಿಗೆ ಕೆಮ್ಮಲೂ ಆಗದು, ಅಳಲೂ ಆಗದು. ತುಟಿ ನೀಲಿಗಟ್ಟತೊಡಗುತ್ತದೆ. ಆಗ ಒಂದು ಕ್ಷಣವೂ ತಡಮಾಡುವಂತಿಲ್ಲ. ಒಂದು ವರ್ಷದೊಳಗಿನ ಮಗುವನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ, ದವಡೆಗೆ ಆಸರೆ ಕೊಟ್ಟು ಮಲಗಿಸಿಕೊಳ್ಳಬೇಕು. ಎರಡು ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ತುಂಡು ಹೊರಬರದಿದ್ದರೆ ಮಗುವನ್ನು ಅಂಗಾತವಾಗಿ ತಿರುಗಿಸಿ, ಎದೆಮೂಳೆಯ ಕೆಳಭಾಗದಲ್ಲಿ ಐದು ಬಾರಿ ಒತ್ತಬೇಕು. ತುಂಡು ಹೊರಬರುವವರೆಗೆ ಇದನ್ನೇ ಪುನರಾವರ್ತಿಸಬೇಕು. ಜೊತೆಯಲ್ಲಿರುವವರು 108 ಅಥವಾ 112ಕ್ಕೆ ಕರೆ ಮಾಡಬೇಕು. ಮಗು ಪ್ರಜ್ಞೆ ತಪ್ಪಿದರೆ ಹೃದಯ-ಶ್ವಾಸ ಪುನಶ್ಚೇತನ ಕ್ರಿಯೆಯನ್ನು ಆರಂಭಿಸಬೇಕಾಗುತ್ತದೆ.

ಈ ವಯಸ್ಸಿನ ಮಗುವಿನ ಹೊಟ್ಟೆಯನ್ನು ಒತ್ತಬಾರದು, ಕಾಲು ಹಿಡಿದು ತಲೆಕೆಳಗಾಗಿ ಜಾಡಿಸಬಾರದು, ಕಾಣದ ತುಂಡನ್ನು ಬೆರಳಿನಿಂದ ತಡಕಬಾರದು. ನೀರು ಕುಡಿಸುವುದೂ, ಅನ್ನದ ಉಂಡೆ ನುಂಗಿಸುವುದೂ ತಪ್ಪು. ಇದನ್ನೆಲ್ಲ ಓದಿ ತಿಳಿಯುವುದಕ್ಕಿಂತ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬೊಂಬೆಯ ಮೇಲೆ ಒಮ್ಮೆ ಮಾಡಿ ಕಲಿಯುವುದು ಲೇಸು. ಮಗುವನ್ನು ನೋಡಿಕೊಳ್ಳುವ ಅಜ್ಜ-ಅಜ್ಜಿ ಮತ್ತು ಆಯಾಗಳಿಗೂ ಇದು ಗೊತ್ತಿರಬೇಕು.

ಕೂರುವ ಭಂಗಿ

ಅಪಾಯ ತಪ್ಪಿಸುವ ಮೊದಲ ಹೆಜ್ಜೆ ಮಗು ನೆಟ್ಟಗೆ ಕೂರುವುದು. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು ಒಳಲೆಯಲ್ಲಿ ಸರಿ ಹೊಯ್ಯುವ ಪದ್ಧತಿ ಹಳೆಯ ಮೈಸೂರು ಭಾಗದ ಕೆಲವು ಮನೆಗಳಲ್ಲಿ ಇತ್ತು. ಆಹಾರ ಶ್ವಾಸಕೋಶಕ್ಕೆ ಇಳಿಯಲು ಇದಕ್ಕಿಂತ ಸುಲಭದ ದಾರಿ ಬೇರಿಲ್ಲ. ಮಕ್ಕಳ ಎತ್ತರದ ಕುರ್ಚಿ ಇಲ್ಲದಿದ್ದರೆ ಚಿಂತೆ ಬೇಡ. ದೊಡ್ಡವರ ತೊಡೆಯ ಮೇಲೆ, ಅಥವಾ ಚಾಪೆಯ ಮೇಲೆ ಬೆನ್ನಿಗೆ ಒರಗು ಕೊಟ್ಟು ಕೂರಿಸಿದರೂ ಸಾಕು. ಆದರೆ ಓಡುವ ಕಾರಿನಲ್ಲಿ, ವಾಕರಿನಲ್ಲಿ, ತೆವಳುತ್ತಿರುವಾಗ ತಿನ್ನಿಸಕೂಡದು. ತಿನ್ನುವ ಮಗುವನ್ನು ಬಿಟ್ಟು ಅಡುಗೆಮನೆಗೆ ಹೋಗುವುದೂ ಸಲ್ಲ.

ಮಗು ತನ್ನ ಕೈಯಿಂದ ತಿನ್ನುವುದೆಂದರೆ ನೆಲದ ಮೇಲಿನದೆಲ್ಲವೂ ಬಾಯಿಗೆ ಹೋಗುತ್ತದೆ ಎಂದರ್ಥ. ಆದ್ದರಿಂದ ಪ್ರತಿ ಊಟಕ್ಕೂ ಮುನ್ನ ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಯುವುದು, ಉಗುರು ಕತ್ತರಿಸುವುದು ಕಡ್ಡಾಯ. ಮಾಡಿದ ಆಹಾರವನ್ನು ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಟ್ಟು ಕೊಡಬಾರದು.

ಎಡಗೈಯ ವಿಚಾರವನ್ನೂ ಇಲ್ಲಿ ಹೇಳಬೇಕು. ಎಂಟು-ಹತ್ತು ತಿಂಗಳ ಮಗುವಿಗೆ ಎಡ-ಬಲದ ಭೇದವಿಲ್ಲ, ಎರಡೂ ಕೈಗಳಿಂದ ತಿನ್ನುತ್ತದೆ. ಯಾವ ಕೈ ಬಲವಾದುದೆಂಬುದು ಸ್ಪಷ್ಟವಾಗುವುದು ಎಷ್ಟೋ ತಿಂಗಳ ನಂತರ. ಎಡಗೈಯನ್ನು ಹಿಡಿದು ಎಳೆದರೆ ಮಗು ಕಲಿಯುವುದು ಬಲಗೈಯ ಊಟವನ್ನಲ್ಲ. ಊಟವೆಂದರೆ ಬೈಗುಳ ಎಂಬುದನ್ನು.

ನಮ್ಮ ಅಡುಗೆಮನೆಯಲ್ಲೇ ಎಲ್ಲವೂ ಇದೆ

ಕೈಯಲ್ಲಿ ಹಿಡಿದು ತಿನ್ನುವ ಆಹಾರವೆಂದರೆ ಅಂಗಡಿಯಿಂದ ತರಬೇಕಾದುದಲ್ಲ. ಆರು-ಏಳು ತಿಂಗಳ ಮಗು ಇಡೀ ಮುಷ್ಟಿಯಲ್ಲಿ ಹಿಡಿಯುತ್ತದೆ, ಮುಷ್ಟಿಯೊಳಗೆ ಇರುವುದನ್ನು ತಿನ್ನಲು ಅದಕ್ಕೆ ಬಾರದು. ಹಾಗಾಗಿ ತುಂಡು ದೊಡ್ಡವರ ಬೆರಳಿನಷ್ಟು ಉದ್ದವಿದ್ದು ಮುಷ್ಟಿಯಿಂದ ಹೊರಗೆ ಚಾಚಿರಬೇಕು. ಚೆನ್ನಾಗಿ ಬೇಯಿಸಿದ ಸಿಹಿಗೆಣಸು, ಕ್ಯಾರೆಟ್, ಸಿಹಿಗುಂಬಳ, ಸೀಮೆಬದನೆ, ಉದ್ದಕ್ಕೆ ಸೀಳಿದ ಬಾಳೆಹಣ್ಣು, ಮಾಗಿದ ಪರಂಗಿ, ಮಾವು, ಬೆಣ್ಣೆಹಣ್ಣು ಇದಕ್ಕೆ ಹೇಳಿಮಾಡಿಸಿದಂತಿವೆ. ತುಪ್ಪ ಸವರಿದ ಮೆತ್ತನೆಯ ಇಡ್ಲಿಯ ಪಟ್ಟಿಗಳು, ಹೆಸರುಬೇಳೆ ದೋಸೆ, ಪೂರ್ತಿ ಬೆಂದ ಮೊಟ್ಟೆಯ ಆಮ್ಲೆಟ್ಟಿನ ಪಟ್ಟಿಗಳೂ ಆಗಬಹುದು.

ಉಪ್ಪು, ಖಾರ ಹಾಕದ ನುಚ್ಚಿನುಂಡೆ ಈ ವಯಸ್ಸಿಗೆ ಅತ್ಯುತ್ತಮ. ಬೇಳೆಯ ಪ್ರೋಟೀನು, ಹಬೆಯಲ್ಲಿ ಬೆಂದ ಮೃದುತ್ವ, ಕೈಗೆ ಸಿಗುವ ಆಕಾರ ಮೂರೂ ಅದರಲ್ಲಿವೆ. ಒಣಗಿ ಪುಡಿಯಾಗದಂತೆ ಒಂದಿಷ್ಟು ತುಪ್ಪ ಅಥವಾ ಮೊಸರು ಬೆರೆಸಿದರಾಯಿತು. ಕರಾವಳಿಯ ಮನೆಗಳಲ್ಲಿ ಮೆತ್ತನೆಯ ಕಡುಬು, ಮುಳ್ಳು ತೆಗೆದು ಹುಡುಕಿ ನೋಡಿದ ಮೀನು, ಉತ್ತರ ಕರ್ನಾಟಕದಲ್ಲಿ ಬೇಳೆಯ ಕಟ್ಟಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಇದೇ ಸಾಲಿಗೆ ಸೇರಿಸಬಹುದು. ರಾಗಿ ಮುದ್ದೆ ಅಂಟುವ ಗುಣದ್ದು, ದೊಡ್ಡವರೇ ಅದನ್ನು ಅಗಿಯದೆ ನುಂಗುತ್ತಾರೆ. ಮಗುವಿಗೆ ಅದನ್ನು ಸಾರಿನಲ್ಲಿ ಕಲಸಿ ಚಮಚದಲ್ಲಿ ಕೊಡುವುದು ಸೂಕ್ತ.

ಒಂಬತ್ತು-ಹತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿ ಚಿಕ್ಕ ವಸ್ತುವನ್ನು ಹೆಕ್ಕುವ ಶಕ್ತಿ ಬರುತ್ತದೆ. ನೆಲದ ಮೇಲಿನ ಇರುವೆಯನ್ನೂ ಮಗು ಹಿಡಿಯುವ ಕಾಲವಿದು! ಆಗ ತುಂಡುಗಳು ಸಣ್ಣದಾಗಲಿ. ಬೇಯಿಸಿ ಲಘುವಾಗಿ ಜಜ್ಜಿದ ಬಟಾಣಿ, ಅನ್ನದ ಅಗುಳು, ಪನೀರಿನ ಚೂರು, ಚಿಕ್ಕದಾಗಿ ಹೆಚ್ಚಿ ಬೇಯಿಸಿದ ಹುರುಳಿಕಾಯಿ ಕೊಡಬಹುದು. ವರ್ಷ ತುಂಬಿದ ಮೇಲೆ ಮಗುವಿನ ಕೈಗೆ ಅದರದೇ ಚಮಚ ಮತ್ತು ಲೋಟ ಸಿಗಲಿ. ಹೆಚ್ಚು ಚೆಲ್ಲದೆ ಚಮಚ ಬಳಸುವ ಹದ ಬರುವುದು ಹದಿನೈದು-ಹದಿನೆಂಟು ತಿಂಗಳ ಹೊತ್ತಿಗೆ.

ಇವು ಬೇಡವೇ ಬೇಡ

* ಇಡಿಯಾದ ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ, ಹುರಿಗಡಲೆ, ಪಾಪ್‌ಕಾರ್ನ್, ಒಣ ಕಡಲೆಪುರಿ. ಇವನ್ನು ಐದು ವರ್ಷದವರೆಗೂ ದೂರವಿಡುವುದು ಕ್ಷೇಮ.
* ಇಡೀ ದ್ರಾಕ್ಷಿ. ಕೊಡುವುದಾದರೆ ಉದ್ದಕ್ಕೆ ನಾಲ್ಕಾಗಿ ಸೀಳಬೇಕು.
* ಹಸಿ ಕ್ಯಾರೆಟ್, ಹಸಿ ಸೇಬಿನ ಹೋಳು, ತೆಂಗಿನಕಾಯಿ ಚೂರು, ಗಟ್ಟಿ ಸೀಬೆ.
* ಬೀಜ ತೆಗೆಯದ ಸೀತಾಫಲ, ಸಪೋಟ, ನೇರಳೆ, ಕಿತ್ತಳೆ.
* ಪೆಪ್ಪರ್‌ಮಿಂಟು, ಜೆಲ್ಲಿ, ಚೂಯಿಂಗ್ ಗಮ್.
* ಒಂದು ವರ್ಷದೊಳಗೆ ಜೇನುತುಪ್ಪ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು.
* ಒಂದು ವರ್ಷದೊಳಗೆ ಮಗುವಿನ ಆಹಾರಕ್ಕೆ ಬೇರೆಯಾಗಿ ಉಪ್ಪು, ಎರಡು ವರ್ಷದೊಳಗೆ ಸಕ್ಕರೆ. ಬೆಲ್ಲವೂ ಸಕ್ಕರೆಯೇ.

ಚಹಾದಲ್ಲಿ ಅದ್ದಿದ ಬಿಸ್ಕತ್ತು ನಮ್ಮಲ್ಲಿ ಮಗುವಿನ ಮೊದಲ ‘ಕೈತಿಂಡಿ’ ಎನಿಸಿಕೊಂಡಿದೆ. ಬಿಸ್ಕತ್ತಿನಲ್ಲಿ ಇರುವುದು ಮೈದಾ, ಸಕ್ಕರೆ ಮತ್ತು ಕೊಬ್ಬು. ಚಹಾ ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಾಡಿನಲ್ಲಿ ಈ ಅಭ್ಯಾಸ ತಪ್ಪಲೇಬೇಕು.

ಕಡಲೆಕಾಯಿ, ಮೊಟ್ಟೆಗಳಿಂದ ಅಲರ್ಜಿಯಾದೀತೆಂದು ವರ್ಷದವರೆಗೆ ಕಾಯುವ ಹಳೆಯ ಸಲಹೆ ಈಗ ಬದಲಾಗಿದೆ. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ ಮಕ್ಕಳ ಮೇಲೆ ಲಂಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೈಶವದಲ್ಲೇ ಕಡಲೆಕಾಯಿಯ ಆಹಾರ ತಿಂದವರಲ್ಲಿ ಐದನೆಯ ವಯಸ್ಸಿಗೆ ಅದರ ಅಲರ್ಜಿ ಶೇ.80ರಷ್ಟು ಕಡಿಮೆಯಾಗಿತ್ತು. ನುಣ್ಣಗೆ ಪುಡಿ ಮಾಡಿದ ಕಡಲೆಕಾಯಿಯನ್ನು ಗಂಜಿಯಲ್ಲಿ ಕಲಸಿ ಕೊಡಬಹುದು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಮಕ್ಕಳ ವಿಷಯದಲ್ಲಿ ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಕಬ್ಬಿಣಾಂಶ ಮರೆಯಬಾರದು

ಬರೀ ಹಣ್ಣು-ತರಕಾರಿಯ ತುಂಡುಗಳನ್ನು ಕೊಟ್ಟರೆ ಮಗು ಸಂತೋಷದಿಂದ ಆಡುತ್ತ ತಿನ್ನುತ್ತದೆ, ಆದರೆ ಶಕ್ತಿಯೂ ಕಬ್ಬಿಣವೂ ಸಾಲುವುದಿಲ್ಲ. ತಾನೇ ತಿನ್ನುವ ವಿಧಾನದಲ್ಲಿ ತಜ್ಞರು ಎತ್ತುವ ಮುಖ್ಯ ಆಕ್ಷೇಪವೂ ಇದೇ. ಪ್ರತಿ ಹೊತ್ತಿನ ಊಟದಲ್ಲಿ ಬೇಳೆ, ಮೊಟ್ಟೆ, ಮಾಂಸ, ಮೀನು, ಸೊಪ್ಪುಗಳಲ್ಲಿ ಒಂದಾದರೂ ಇರಬೇಕು. ಸಸ್ಯಾಹಾರಿಗಳು ಬೇಳೆಯ ಜೊತೆ ನಿಂಬೆರಸ, ಟೊಮೆಟೊ, ಮೃದುವಾದ ಕಿತ್ತಳೆ ತೊಳೆಗಳನ್ನು ಸೇರಿಸಿದರೆ ಕಬ್ಬಿಣ ಹೆಚ್ಚು ಹೀರಲ್ಪಡುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿ ಹಿಟ್ಟು ಮಾಡುವ ನಮ್ಮ ಹಿರಿಯರ ಕ್ರಮಕ್ಕೆ ವೈಜ್ಞಾನಿಕ ಆಧಾರವಿದೆ. ಮೊಳಕೆಯಿಂದ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅಂಶ ತಗ್ಗುತ್ತದೆ, ಸರಿ ತೆಳುವಾಗಿ ಬೇಯುವುದರಿಂದ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸುತ್ತದೆ.

ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಬೇಡ. ಹಾಲಿನಿಂದ ಹೊಟ್ಟೆ ತುಂಬಿದ ಮಗು ಊಟ ಮುಟ್ಟುವುದಿಲ್ಲ, ರಕ್ತಹೀನತೆಯೂ ಬರುತ್ತದೆ. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದ ಪ್ರಕಾರ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆರಡು ಬಾರಿ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ನೀಡಬೇಕು. ನಗರವಾಸಿಗಳು ಇದು ಬಡವರಿಗೆ ಮಾತ್ರ ಎಂದುಕೊಳ್ಳಬಾರದು.

ಎಷ್ಟು ತಿಂದಿತು ಎಂಬ ಚಿಂತೆ

ಎದೆಹಾಲಿನ ಜೊತೆಗೆ ಆರರಿಂದ ಎಂಟು ತಿಂಗಳಲ್ಲಿ ದಿನಕ್ಕೆ ಎರಡು-ಮೂರು ಬಾರಿ, ಒಂಬತ್ತನೆಯ ತಿಂಗಳಿನಿಂದ ಮೂರು-ನಾಲ್ಕು ಬಾರಿ ಊಟ ಕೊಡಬೇಕು. ಆಹಾರದಿಂದ ಸಿಗಬೇಕಾದ ಶಕ್ತಿ ಮೊದಲ ಹಂತದಲ್ಲಿ ಸುಮಾರು 200 ಕಿಲೋ ಕ್ಯಾಲೊರಿ, ಒಂಬತ್ತರಿಂದ ಹನ್ನೊಂದು ತಿಂಗಳಲ್ಲಿ 300, ಎರಡನೆಯ ವರ್ಷದಲ್ಲಿ 550. ಆರಂಭದಲ್ಲಿ ಅಗತ್ಯದ ದೊಡ್ಡ ಪಾಲು ಎದೆಹಾಲಿನಿಂದಲೇ ಬರುತ್ತದೆ. ಆದ್ದರಿಂದ ಎಂಟು ತಿಂಗಳ ಮಗು ಇಡ್ಲಿಯ ಅರ್ಧವನ್ನು ನೆಲಕ್ಕೆ ಬೀಳಿಸಿ, ಕಾಲು ಭಾಗವನ್ನು ಕೂದಲಿಗೆ ಮೆತ್ತಿಕೊಂಡು, ಉಳಿದುದನ್ನು ತಿಂದರೆ ಅದು ಸೋಲಲ್ಲ, ಪಾಠ. ಕೆಳಗೊಂದು ಹಳೆಯ ಬೆಡ್‌ಶೀಟ್ ಹಾಸಿಕೊಂಡರೆ ಒರೆಸುವ ಶ್ರಮವೂ ಅರ್ಧವಾಗುತ್ತದೆ.

ಏನು, ಯಾವಾಗ, ಎಲ್ಲಿ ಎಂಬುದನ್ನು ಪಾಲಕರು ನಿರ್ಧರಿಸಲಿ. ಎಷ್ಟು ತಿನ್ನಬೇಕು, ತಿನ್ನಬೇಕೇ ಬೇಡವೇ ಎಂಬುದನ್ನು ಮಗು ನಿರ್ಧರಿಸಲಿ ಎಂದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಮಗುವಿನ ಹಸಿವು-ತೃಪ್ತಿಯ ಸೂಚನೆಗಳಿಗೆ ಸ್ಪಂದಿಸಿ ಉಣಿಸಬೇಕೆನ್ನುತ್ತದೆ. ಮುಖ ತಿರುಗಿಸಿದರೆ, ತುಟಿ ಬಿಗಿದರೆ ಊಟ ಮುಗಿಯಿತೆಂದರ್ಥ. ಹೊಸ ತರಕಾರಿಯನ್ನು ಒಂದೆರಡು ಬಾರಿ ಉಗಿದರೆ ಬಿಟ್ಟುಬಿಡಬಾರದು. ಎಂಟು-ಹತ್ತು ಬಾರಿ ಕಂಡ ಮೇಲೆ ಮಕ್ಕಳು ಅದನ್ನು ಒಪ್ಪಿಕೊಳ್ಳುವುದುಂಟು.

ಮೊಬೈಲ್ ಈ ಸೂಚನೆಗಳನ್ನೆಲ್ಲ ಅಳಿಸಿಹಾಕುತ್ತದೆ. ಪರದೆ ನೋಡುವ ಮಗುವಿಗೆ ತಾನು ತಿನ್ನುತ್ತಿರುವುದು ಏನೆಂದೇ ತಿಳಿಯದು, ಹೊಟ್ಟೆ ತುಂಬಿದ್ದೂ ತಿಳಿಯದು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಸಲ್ಲದು ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ಹಿಂದೆ ಚಂದಮಾಮನನ್ನು ತೋರಿಸಿ ಉಣಿಸುತ್ತಿರಲಿಲ್ಲವೇ ಎಂದು ಕೇಳಬಹುದು. ಅಲ್ಲಿ ಮಾತನಾಡುತ್ತಿದ್ದವರು ಅಮ್ಮ, ಮಗು ನೋಡುತ್ತಿದ್ದುದು ಅವರ ಮುಖವನ್ನು. ಮೊಬೈಲಿನ ಮುಂದೆ ಆ ಮಾತುಕತೆಯೇ ಇರುವುದಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ತಿಂಗಳ ಲೆಕ್ಕ ಬೇರೆಯಾಗುತ್ತದೆ, ಅವರಿಗೆ ಕಬ್ಬಿಣಾಂಶವೂ ಮೊದಲೇ ಬೇಕಾಗುತ್ತದೆ. ಇಂಥ ಮಕ್ಕಳ ಆಹಾರವನ್ನು ವೈದ್ಯರ ಸಲಹೆಯಂತೆಯೇ ಆರಂಭಿಸಬೇಕು. ಪ್ರತಿ ತುತ್ತಿಗೂ ಕೆಮ್ಮು ಬರುವುದು, ಊಟದ ನಂತರ ಉಸಿರಾಟದಲ್ಲಿ ಗೊರಗೊರ ಸದ್ದು, ತೂಕ ಏರದಿರುವುದು, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿರುವುದು, ಹತ್ತು ತಿಂಗಳು ದಾಟಿದರೂ ಸ್ವಲ್ಪವೂ ಗಂಟುಳ್ಳ ಆಹಾರ ಸೇರದಿರುವುದು ಕಂಡುಬಂದರೆ ತಡಮಾಡದೆ ತೋರಿಸಬೇಕು. ಆಶಾ ಕಾರ್ಯಕರ್ತೆಯರು ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮನೆಗೆ ಬಂದು ಮಗುವಿನ ಆಹಾರ, ಬೆಳವಣಿಗೆ ವಿಚಾರಿಸುವ ಕಾರ್ಯಕ್ರಮ 2018ರಲ್ಲಿ ಆರಂಭವಾಗಿದೆ. ಅವರ ಒಂಬತ್ತನೆಯ ತಿಂಗಳ ಭೇಟಿ ಈ ವಿಷಯ ಕೇಳಲು ಸರಿಯಾದ ಸಮಯ.

ಒಂದು ವೇಳೆ ಮಗುವಿಗೆ ಈಗಾಗಲೇ ವರ್ಷ ದಾಟಿದ್ದು, ಮಿಕ್ಸಿಯ ಆಹಾರವೊಂದೇ ಅಭ್ಯಾಸವಾಗಿದ್ದರೆ? ಗಾಬರಿ ಬೇಡ. ಮಿಕ್ಸಿಯನ್ನು ಬದಿಗಿಟ್ಟು ಸೌಟಿನಿಂದ ಹಿಸುಕುವುದು ಮೊದಲ ವಾರ, ಬೆರಳಿನಿಂದ ಹಿಸುಕುವುದು ಮುಂದಿನ ವಾರ. ಆಮೇಲೆ ದಿನಕ್ಕೊಂದು ಹೊತ್ತು ಮನೆಯವರೆಲ್ಲರ ಜೊತೆ ಕೂರಿಸಿ, ಅದರ ತಟ್ಟೆಯಲ್ಲಿ ಮೆತ್ತನೆಯ ಎರಡು ತುಂಡುಗಳನ್ನಿಟ್ಟು, ಒತ್ತಾಯವಿಲ್ಲದೆ ಬಿಡಬೇಕು. ಮಕ್ಕಳು ತಿನ್ನಲು ಕಲಿಯುವುದು ತಿನ್ನುವವರನ್ನು ನೋಡಿ. ಇಪ್ಪತ್ತು-ಮೂವತ್ತು ನಿಮಿಷಗಳಲ್ಲಿ ಊಟ ಮುಗಿಸಿ ತಟ್ಟೆ ಎತ್ತಬೇಕು. ಮುಂದಿನ ಊಟದವರೆಗೆ ಬಿಸ್ಕತ್ತು, ಹಾಲಿನ ಪರಿಹಾರ ಬೇಡ. ಈ ಕೆಲಸಕ್ಕೆ ಕೆಲವು ವಾರಗಳ ತಾಳ್ಮೆ ಬೇಕು. ಮಗು ಕೈ ಚಾಚುವ ಎಂಟನೆಯ ತಿಂಗಳಿನಲ್ಲೇ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದರೆ ಆ ವಾರಗಳೂ ಉಳಿಯುತ್ತವೆ.